ಸೀರಿಯಲ್ ಕಿಲ್ಲರ್ ಥ್ರಿಲ್ಲರ್ ಓದೋದು ಹೇಗೆ? ದಾರಿ ತಪ್ಪದೆ, ನಿದ್ದೆ ಕೆಡದೆ

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. "ನೂರು ಪುಟ ಓದಿದೆ, ಯಾರು ಯಾರಂತ ಗೊತ್ತಾಗದೆ ಬಿಟ್ಟುಬಿಟ್ಟೆ." "ಕೊಲೆಗಾರ ಯಾರಂತ ಅರ್ಧದಲ್ಲೇ ಹೇಳಿಬಿಟ್ಟರು, ಇನ್ನೇನು ಓದೋದು?" "ರಾತ್ರಿ ಓದಿದರೆ ನಿದ್ದೆ ಬರಲ್ಲ, ಹಗಲು ಓದಿದರೆ ಮಜಾ ಬರಲ್ಲ." ಸಿನಿಮಾ, ವೆಬ್ ಸೀರೀಸ್ ನೋಡಿ ಪುಸ್ತಕದ ಕಡೆ ಬಂದವರಲ್ಲಿ ಈ ದೂರು ಜಾಸ್ತಿ.

ಮೊದಲ ಎರಡು ದೂರಿಗೆ ಹೆಚ್ಚಾಗಿ ಕಾರಣ ಒಂದೇ. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದಿಂದಲೂ ನಮಗೆ 'ಮಾಡಿದ್ದು ಯಾರು' ಅಂತ ಓದಿ ಅಭ್ಯಾಸ. ಆದರೆ ಸೀರಿಯಲ್ ಕಿಲ್ಲರ್ ಕಾದಂಬರಿಗಳೆಲ್ಲ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ನಿಮ್ಮ ಕೈಯಲ್ಲಿರುವ ಪುಸ್ತಕ ಯಾವ ಪ್ರಶ್ನೆ ಕೇಳುತ್ತಿದೆ ಅಂತ ಮೊದಲು ಗುರುತಿಸಿಕೊಂಡರೆ ಮುಂದಿನದೆಲ್ಲ ಸಲೀಸು. ಹಾಗಾಗಿ ಈ ಲೇಖನ ಅಲ್ಲಿಂದಲೇ ಶುರುವಾಗುತ್ತದೆ.

ಉದಾಹರಣೆಗೆ ಹೆಚ್ಚಾಗಿ ಅಗಾಥಾ ಕ್ರಿಸ್ಟಿಯ 'ದಿ ಎ.ಬಿ.ಸಿ. ಮರ್ಡರ್ಸ್' (1936) ಇಟ್ಟುಕೊಂಡಿದ್ದೇನೆ. ರಕ್ತಪಾತ ಕಡಿಮೆ, ಗಾತ್ರ ಚಿಕ್ಕದು, ಇಂಗ್ಲಿಷ್ ಸುಲಭ. ಕೊನೆ ಏನಂತ ಎಲ್ಲೂ ಹೇಳುವುದಿಲ್ಲ, ಧೈರ್ಯವಾಗಿ ಓದಿ.

ಏನೇನು ಬೇಕು

ಪುಸ್ತಕ, ಒಂದು ಪೆನ್ಸಿಲ್, ಬುಕ್‌ಮಾರ್ಕ್ ಹಾಗೆ ಮಡಚಿ ಒಳಗಿಡಬಹುದಾದ ಒಂದು ಬಿಳಿ ಹಾಳೆ. ಮೊಬೈಲ್‌ನಲ್ಲಿ ಮ್ಯಾಪ್ ಇದ್ದರೆ ಸಾಕು, ಬೇರೆ ಆ್ಯಪ್ ಬೇಡ. ಮೊದಲ ದಿನ ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ. ಈ ಜಾತಿಯ ಪುಸ್ತಕವನ್ನು ದಿನಕ್ಕೆ ನಾಲ್ಕು ಪುಟದಂತೆ ಶುರು ಮಾಡಿದರೆ ಹೆಸರುಗಳು ತಲೆಯಲ್ಲಿ ನಿಲ್ಲುವುದಿಲ್ಲ.

ಆಡಿಯೋಬುಕ್ ಆಗುತ್ತಾ ಅಂತ ಕೇಳುತ್ತಾರೆ. ಎರಡನೇ ಓದಿಗೆ ಆಗುತ್ತದೆ. ಮೊದಲ ಸಲಕ್ಕೆ ಬೇಡ, ಯಾಕಂದರೆ ಹಿಂದೆ ತಿರುಗಿಸಿ 'ಇವನು ಯಾರು' ಅಂತ ನೋಡೋದು ಕಷ್ಟ.

ಹಂತ 1: ಪುಸ್ತಕ ಕೇಳುತ್ತಿರುವ ಪ್ರಶ್ನೆ ಯಾವುದು?

ಮೊದಲು ಸೀರಿಯಲ್ ಕಿಲ್ಲರ್ ಅಂದರೆ ಯಾರು ಅನ್ನೋದು. ಒಂದೇ ಸಲಕ್ಕೆ ಹತ್ತು ಜನರನ್ನು ಕೊಂದವನು ಅಲ್ಲ. ಒಬ್ಬನೇ, ಅಥವಾ ಒಂದೇ ಗುಂಪು, ಬೇರೆ ಬೇರೆ ಸಂದರ್ಭದಲ್ಲಿ ಕೊಲೆ ಮಾಡಿರಬೇಕು. ಎಷ್ಟು ಕೊಲೆ ಅನ್ನೋದರಲ್ಲಿ ಒಮ್ಮತ ಇರಲಿಲ್ಲ. ಹಿಂದೆ ಅಮೆರಿಕದಲ್ಲಿ ಮೂರು ಅನ್ನುತ್ತಿದ್ದರು. 2005ರಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ಪರಿಣತರ ಸಭೆ ಎರಡಾದರೂ ಸಾಕು ಅಂತು. ಒಂದು ಕೊಲೆಗೂ ಇನ್ನೊಂದಕ್ಕೂ ನಡುವೆ ಅವನು ಎಲ್ಲರಂತೆ ಓಡಾಡಿಕೊಂಡು ಇರುವ ಬಿಡುವನ್ನು 'ಕೂಲಿಂಗ್ ಆಫ್' ಅಂತಾರೆ. ಕಾದಂಬರಿಕಾರರಿಗೆ ಈ ಬಿಡುವೇ ಬಂಡವಾಳ. ಮುಂದಿನ ಕೊಲೆ ಯಾವಾಗ ಅಂತ ಓದುಗ ಕಾಯೋದು ಅಲ್ಲೇ ಅಲ್ವಾ?

ಈಗ ಪ್ರಶ್ನೆಗಳು. ಹೆಚ್ಚಿನ ಪುಸ್ತಕಗಳು ಈ ಮೂರರಲ್ಲಿ ಒಂದಕ್ಕೆ ಬೀಳುತ್ತವೆ.

'ಯಾರು?' ಅನ್ನುವ ಪುಸ್ತಕ. ಎ.ಬಿ.ಸಿ. ಇಂಥದ್ದು. ಕೊಲೆಗಾರನ ಹೆಸರು ಕೊನೆಯವರೆಗೆ ಬಚ್ಚಿಟ್ಟಿರುತ್ತಾರೆ. ಇಲ್ಲಿ ನೀವು ಪತ್ತೇದಾರರ ಜೊತೆ ಪೈಪೋಟಿಗೆ ಇಳಿಯಬೇಕು. ನೋಟ್ಸ್ ಬೇಕೇ ಬೇಕು.

'ಸಮಯಕ್ಕೆ ಸರಿಯಾಗಿ ಹಿಡೀತಾರಾ?' ಅನ್ನುವ ಪುಸ್ತಕ. ಥಾಮಸ್ ಹ್ಯಾರಿಸ್ ಬರೆದ 'ರೆಡ್ ಡ್ರ್ಯಾಗನ್' (1981) ಒಳ್ಳೆ ಉದಾಹರಣೆ. ಹುಣ್ಣಿಮೆ ಹುಣ್ಣಿಮೆಗೆ ಒಂದೊಂದು ಕುಟುಂಬ ಸಾಯುತ್ತಿದೆ. ಮುಂದಿನ ಹುಣ್ಣಿಮೆಗೆ ಇನ್ನು ಮೂರು ಚಿಲ್ಲರೆ ವಾರ ಇದೆ. ಕೊಲೆಗಾರ ಯಾರು, ಅವನ ಮನೆ ಹೇಗಿದೆ, ಬಾಲ್ಯ ಹೇಗಿತ್ತು, ಎಲ್ಲವನ್ನೂ ಲೇಖಕರೇ ತೋರಿಸುತ್ತಾರೆ. ಇದು ಎಡವಟ್ಟಲ್ಲ, ಬೇಕಂತಲೇ ಮಾಡಿದ್ದು. ನಿಮಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ಸಸ್ಪೆನ್ಸ್ ಹುಟ್ಟೋದು ಆ ಅಂತರದಲ್ಲಿ. 'ಹೆಸರು ಗೊತ್ತಾಯ್ತಲ್ಲ' ಅಂತ ಇಲ್ಲಿ ಪುಸ್ತಕ ಮುಚ್ಚಿದರೆ ಊಟಕ್ಕೆ ಕೂತು ಉಪ್ಪು ಉಪ್ಪಿನಕಾಯಿ ನೋಡಿ ಎದ್ದುಹೋದಂತೆ.

'ಗೊತ್ತಿದ್ದೂ ಇವರು ಏನು ಮಾಡ್ತಾರೆ?' ಅನ್ನುವ ಪುಸ್ತಕ. ಮೇರಿ ಬೆಲ್ಲಾಕ್ ಲೌಂಡ್ಸ್ ಬರೆದ 'ದಿ ಲಾಡ್ಜರ್' (1913) ನೋಡಿ. ಲಂಡನ್‌ನಲ್ಲಿ ಬಡತನಕ್ಕೆ ಬಿದ್ದ ವಯಸ್ಸಾದ ದಂಪತಿ, ಬಂಟಿಂಗ್ ಅಂತ. ಮೇಲಿನ ಕೋಣೆ ಬಾಡಿಗೆಗೆ ಕೊಡುತ್ತಾರೆ. ಬಂದವನು ಒಳ್ಳೆ ಬಾಡಿಗೆ ಕೊಡುವ ಮನುಷ್ಯ, ಮಾತು ಮೆತ್ತಗೆ. ಊರಲ್ಲಿ ಕೊಲೆ ನಡೆಯುತ್ತಿವೆ, ಇವನು ಅವೇಳೆಯಲ್ಲಿ ಹೊರಗೆ ಹೋಗುತ್ತಾನೆ. ಮನೆಯೊಡತಿಗೆ ಅನುಮಾನ ಬರುತ್ತದೆ. ಆದರೆ ಅವನ ಬಾಡಿಗೆ ನಿಂತರೆ ಮನೆಯಲ್ಲಿ ಒಲೆ ಉರಿಯೋದಿಲ್ಲ. ಇಡೀ ಕಥೆ ಆಕೆಯ ಎದೆಬಡಿತದ ಮೇಲೆ ನಡೆಯುತ್ತದೆ. 1888ರಲ್ಲಿ ಲಂಡನ್‌ನಲ್ಲಿ ನಡೆದ ಜ್ಯಾಕ್ ದಿ ರಿಪ್ಪರ್ ಸರಣಿ ಕೊಲೆಗಳ ನೆರಳಲ್ಲಿ ಹುಟ್ಟಿದ ಪುಸ್ತಕ ಇದು. ನನ್ನ ಮಟ್ಟಿಗೆ ಈ ಮೂರರಲ್ಲಿ ಹೆಚ್ಚು ಕಾಡೋದು ಇದೇ, ಒಂದು ಹನಿ ರಕ್ತ ತೋರಿಸದೆ ಹೆದರಿಸುತ್ತದೆ.

ಗುರುತಿಸೋದು ಹೇಗೆ? ಮೊದಲ ಐವತ್ತು ಪುಟದೊಳಗೆ ಕೊಲೆಗಾರನ ಭಾಗ ಬಂದರೆ ಗಮನಿಸಿ. ಹೆಸರಿಲ್ಲದೆ, ಓರೆ ಅಕ್ಷರದಲ್ಲಿ, 'ಅವನು' ಅಂತ ಮಾತ್ರ ಇದ್ದರೆ ಅದು ಬಹುಶಃ 'ಯಾರು?' ಪುಸ್ತಕ. ಹೆಸರು, ಕೆಲಸ, ಮನೆ ಎಲ್ಲ ಇದ್ದರೆ 'ಹಿಡೀತಾರಾ?' ಪುಸ್ತಕ. ಹಾಳೆಯ ಮೇಲ್ಭಾಗದಲ್ಲಿ ನಿಮ್ಮ ಪುಸ್ತಕದ ಪ್ರಶ್ನೆ ಬರೆದುಕೊಳ್ಳಿ. ನಡುವೆ ಪ್ರಶ್ನೆ ಬದಲಾಗಲೂಬಹುದು. ಆಗ ಹಳೆಯದನ್ನು ಹೊಡೆದುಹಾಕಿ ಹೊಸದು ಬರೆಯಿರಿ.

ಹಂತ 2: ಮೊದಲ ಪುಸ್ತಕ ಆರಿಸಿಕೊಳ್ಳಿ

ಇದೇ ಮೊದಲ ಸಲ ಓದುವವರಿಗೆ ಎ.ಬಿ.ಸಿ. ಅಥವಾ 'ದಿ ಲಾಡ್ಜರ್'. ಎರಡನೆಯದರ ಹಕ್ಕುಸ್ವಾಮ್ಯ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕ್ರಿಸ್ಟಿಯದು ಇನ್ನೂ ಮುಗಿದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಿಡಿಎಫ್ ನಂಬಬೇಡಿ. ಅದು ಕದ್ದ ಮಾಲು ಅನ್ನೋದು ಒಂದು, ಕೊನೆಯ ಪುಟಗಳೇ ಇಲ್ಲದೆ ಹೋದರೆ ಈ ಜಾತಿಯ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಬೆಂಗಳೂರಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕ್ರಿಸ್ಟಿ ಕಡಿಮೆ ಬೆಲೆಗೆ ಸಿಗುತ್ತಾಳೆ. ಕೊಳ್ಳುವ ಮುಂಚೆ ಕೊನೆಯ ಪುಟ ಇದೆಯಾ ಅಂತ ನೋಡಿ. ನೋಡಿ ಅಂದೆ, ಓದಿ ಅನ್ನಲಿಲ್ಲ.

ಇದಾದ ಮೇಲೆ ಹ್ಯಾರಿಸ್‌ನ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' (1988). ಇದರ ನಾಯಕಿ ಕ್ಲ್ಯಾರಿಸ್ ಸ್ಟಾರ್ಲಿಂಗ್ ಇನ್ನೂ ಎಫ್‌ಬಿಐ ತರಬೇತಿಯಲ್ಲಿರುವ ಹುಡುಗಿ. ಅವಳು ಕಲಿಯುತ್ತಾ ಹೋದಂತೆ ನಾವೂ ಕಲಿಯುತ್ತೇವೆ. ಸಿನಿಮಾ ನೋಡಿದ್ದೇನೆ, ಪುಸ್ತಕ ಓದಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಓದಿ. ಅದು 'ಹಿಡೀತಾರಾ?' ಪುಸ್ತಕ. ಕಥೆ ಗೊತ್ತಿದ್ದರೂ ಹಿಡಿತ ಸಡಿಲವಾಗುವುದಿಲ್ಲ. ಎ.ಬಿ.ಸಿ. ಮಾತ್ರ ಉಲ್ಟಾ. ಅದರ ಟಿವಿ ರೂಪಗಳನ್ನು ಓದುವ ಮುಂಚೆ ನೋಡಲೇಬೇಡಿ.

ಸರಣಿ ಪುಸ್ತಕಗಳಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ನಾರ್ವೆಯ ಯೂ ನೆಸ್ಬೋ ಬರೆದ ಹ್ಯಾರಿ ಹೂಲೆ ಅನ್ನುವ ಪೊಲೀಸ್ ಪತ್ತೇದಾರನ ಸರಣಿಯನ್ನೇ ತೆಗೆದುಕೊಳ್ಳಿ. ಮೂಲದಲ್ಲಿ ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಇಂಗ್ಲಿಷಿಗೆ ಮೊದಲು ಬಂದದ್ದು ಐದನೆಯದಾದ 'ದಿ ಡೆವಿಲ್ಸ್ ಸ್ಟಾರ್', 2005ರಲ್ಲಿ. ಮೂರನೆಯದು 'ದಿ ರೆಡ್‌ಬ್ರೆಸ್ಟ್' 2006ರಲ್ಲಿ, ನಾಲ್ಕನೆಯದು 'ನೆಮೆಸಿಸ್' 2008ರಲ್ಲಿ ಬಂದವು. ಮೊಟ್ಟಮೊದಲ ಪುಸ್ತಕ 'ದಿ ಬ್ಯಾಟ್' ಇಂಗ್ಲಿಷ್ ಕಂಡದ್ದು 2012ರಲ್ಲಿ! ತೊಂದರೆ ಏನಂದರೆ, ಮೂರು, ನಾಲ್ಕು, ಐದರಲ್ಲಿ ಪೊಲೀಸ್ ಇಲಾಖೆಯ ಒಳಗಿನ ಒಂದು ಕಥೆ ಸಾಗುತ್ತದೆ. ಐದನ್ನು ಮೊದಲು ಓದಿದರೆ ಆ ಎಳೆ ಹಾಳು. ಇಂಗ್ಲಿಷ್ ಮುದ್ರಣದ ವರ್ಷ ನೋಡಿ ಕ್ರಮ ಹಾಕಬೇಡಿ, ಮೂಲ ಭಾಷೆಯ ವರ್ಷ ನೋಡಿ. ಏಳನೆಯದಾದ 'ದಿ ಸ್ನೋಮ್ಯಾನ್' (2007) ಮಾತ್ರ ಬೇಕು ಅನ್ನುವವರು ನೇರವಾಗಿ ಓದಬಹುದು. ಹ್ಯಾರಿಯ ಖಾಸಗಿ ಬದುಕು ಸ್ವಲ್ಪ ಅರ್ಧಂಬರ್ಧ ಅನಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈ ಜಾತಿಯ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಮೇಲಿನ ಕ್ರೌರ್ಯ ಜಾಸ್ತಿ. ಕೆಲವು ಲೇಖಕರು ಅದನ್ನು ಚಪ್ಪರಿಸಿಕೊಂಡು ಬರೆಯುತ್ತಾರೆ. ಕೊಲೆಯಾದವರಿಗೆ ಹೆಸರು, ಮನೆ, ಅಭ್ಯಾಸ ಯಾವುದನ್ನೂ ಕೊಡದೆ ಬರೀ ಗಾಯದ ವರ್ಣನೆ ಕೊಡುವ ಪುಸ್ತಕವನ್ನು ಪಕ್ಕಕ್ಕಿಟ್ಟರೆ ನಷ್ಟವೇನೂ ಇಲ್ಲ. ಜಿಮ್ ಥಾಂಪ್ಸನ್‌ನ 'ದಿ ಕಿಲ್ಲರ್ ಇನ್‌ಸೈಡ್ ಮಿ' (1952) ಒಳ್ಳೆಯ ಪುಸ್ತಕ. ಕೊಲೆಗಾರನೇ ನಾನು ಅಂತ ಹೇಳಿಕೊಂಡು ಹೋಗುವ ಕಥೆ. ಆದರೆ ಅದನ್ನು ಮೊದಲಿಗೆ ಎತ್ತಿಕೊಳ್ಳಬೇಡಿ.

ಹಂತ 3: ಮುಚ್ಚಬೇಕಾದದ್ದನ್ನು ಮುಚ್ಚಿ

ಹಿಂಬದಿಯ ರಕ್ಷಾಪುಟದಲ್ಲಿ ಮೊದಲ ಎರಡು ಸಾಲು ಮಾತ್ರ ಓದಿ. ಮೂರನೇ ಪ್ಯಾರಾದಲ್ಲಿ ಅರ್ಧ ಕಥೆ ಇರುತ್ತದೆ. ಹಳೆಯ ಕ್ಲಾಸಿಕ್‌ಗಳ ಹೊಸ ಮುದ್ರಣಕ್ಕೆ ಯಾರಾದರೂ ಮುನ್ನುಡಿ ಬರೆದಿದ್ದರೆ ಅದನ್ನು ಕೊನೆಗೆ ಓದಿ. ಮುನ್ನುಡಿ ಬರೆಯುವ ವಿದ್ವಾಂಸರಿಗೆ ಗುಟ್ಟು ಕಾಪಾಡುವ ಚಿಂತೆ ಇರುವುದಿಲ್ಲ. ಎ.ಬಿ.ಸಿ.ಯಲ್ಲಿ ಕಥೆ ಹೇಳುವ ಪಾತ್ರ, ಪತ್ತೇದಾರನ ಗೆಳೆಯ ಹೇಸ್ಟಿಂಗ್ಸ್ ಬರೆದ ಪುಟ್ಟ ಮುನ್ನುಡಿ ಬೇರೆ. ಅದು ಕಥೆಯದೇ ಭಾಗ, ಬಿಡಬೇಡಿ. ಐದನೇ ಹಂತದಲ್ಲಿ ಬೇಕಾಗುತ್ತದೆ.

ಕಿಂಡಲ್‌ನಲ್ಲಿ ಓದುವವರು ಜೋಪಾನ. ಪಾತ್ರದ ಹೆಸರನ್ನು ಹುಡುಕಿದರೆ ಹಿಂದೆ ಬಂದದ್ದಷ್ಟೇ ಅಲ್ಲ, ಮುಂದೆ ಬರುವ ಸಾಲುಗಳೂ ಪಟ್ಟಿಯಲ್ಲಿ ಕಾಣುತ್ತವೆ. 'ಶವ' ಅನ್ನುವ ಪದದ ಪಕ್ಕ ನಿಮ್ಮ ಪ್ರೀತಿಯ ಪಾತ್ರದ ಹೆಸರು ಕಂಡರೆ ಮುಗೀತು ಕಥೆ.

ಹಂತ 4: ಒಂದೇ ಹಾಳೆಯಲ್ಲಿ ನೋಟ್ಸ್

ಇಲ್ಲಿ ಸ್ವಲ್ಪ ನಿಲ್ಲೋಣ. ಉಳಿದ ಹಂತಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಎ.ಬಿ.ಸಿ.ಯ ಕಥೆ ಶುರುವಾಗುವುದು 1935ರ ಜೂನ್‌ನಲ್ಲಿ. ಪತ್ತೇದಾರ ಪೊಯ್ರೋಗೆ ಒಂದು ಕಾಗದ ಬರುತ್ತದೆ. ಈ ತಿಂಗಳ 21ಕ್ಕೆ ಆಂಡೋವರ್ ಊರಿನ ಮೇಲೆ ಕಣ್ಣಿಡು ಅಂತ. ಸಹಿ ಇರಬೇಕಾದ ಕಡೆ ಎ ಬಿ ಸಿ. ಆ ದಿನ ಕೊಲೆಯಾಗುತ್ತದೆ. ಪಕ್ಕದಲ್ಲಿ ಎ.ಬಿ.ಸಿ. ರೈಲ್ವೆ ಗೈಡ್. ಇದು ಆ ಕಾಲದ ವೇಳಾಪಟ್ಟಿ ಪುಸ್ತಕ, ಊರುಗಳನ್ನು ಅಕ್ಷರ ಕ್ರಮದಲ್ಲಿ ಕೊಡುತ್ತಿತ್ತು. ಇದು ಗೊತ್ತಿಲ್ಲದಿದ್ದರೆ ಕಥೆಯ ಅರ್ಧ ಮಜಾ ಹೋಗುತ್ತದೆ.

ಈಗ ಹಾಳೆಯಲ್ಲಿ ಹೀಗೆ ಬರೆಯಿರಿ:

ಆಲಿಸ್ ಆಶರ್. ಆಂಡೋವರ್. ಜೂನ್ 21. ಮುದುಕಿ, ಬೀಡಿ ಸಿಗರೇಟಿನ ಚಿಕ್ಕ ಅಂಗಡಿ. ತಲೆಗೆ ಹಿಂದಿನಿಂದ ಪೆಟ್ಟು. ಕೌಂಟರ್ ಮೇಲೆ ಗೈಡ್. ಗಂಡ ಕುಡುಕ, ಹಿಂದೆ ಬೆದರಿಸಿದ್ದ.

ಬೆಟ್ಟಿ ಬರ್ನಾರ್ಡ್. ಬೆಕ್ಸ್‌ಹಿಲ್. ಜುಲೈ 25. ಹೋಟೆಲಲ್ಲಿ ಸಪ್ಲೈ ಮಾಡುವ ಹುಡುಗಿ. ಸಮುದ್ರದ ದಡದಲ್ಲಿ, ತನ್ನದೇ ಬೆಲ್ಟ್‌ನಿಂದ ಕುತ್ತಿಗೆ ಬಿಗಿದು. ಮತ್ತೆ ಗೈಡ್. ಮದುವೆಯಾಗಬೇಕಿದ್ದ ಹುಡುಗನಿಗೆ ಹೊಟ್ಟೆಕಿಚ್ಚಿನ ಸ್ವಭಾವ.

ಎರಡೇ ಸಾಲು ಮೇಲೆ ಕೆಳಗೆ ಬಂದ ಕೂಡಲೇ ಏನೋ ಕಾಣಿಸುತ್ತದೆ ನೋಡಿ. ಒಂದೊಂದು ಕೊಲೆಯನ್ನೂ ಬಿಡಿಯಾಗಿ ನೋಡಿದರೆ ಅದಕ್ಕೆ ತಕ್ಕ ಆರೋಪಿ ಪಕ್ಕದಲ್ಲೇ ಇದ್ದಾನೆ. ಕುಡುಕ ಗಂಡ ಸಾಕು, ಅನುಮಾನದ ಪ್ರಿಯಕರ ಸಾಕು. ರೈಲ್ವೆ ಗೈಡ್ ಬಂದು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ ಮೇಲೆ ಆ ಆರೋಪಿಗಳು ಸಪ್ಪೆಯಾಗುತ್ತಾರೆ. ಗಂಡ ಬೆಕ್ಸ್‌ಹಿಲ್‌ಗೆ ಯಾಕೆ ಹೋಗುತ್ತಾನೆ?

ಇಲ್ಲೇ ಎರಡು ಪಾರಿಭಾಷಿಕ ಪದ ಕಲಿತುಬಿಡಿ. 'ಎಂ.ಓ.', ಅಂದರೆ ಮೋಡಸ್ ಆಪರೆಂಡಿ. ಕೆಲಸ ಮುಗಿಸೋಕೆ ಅವನು ಬಳಸುವ ವಿಧಾನ. ನಮ್ಮ ಠಾಣೆಗಳಲ್ಲೂ ಈ ಪದ ಓಡಾಡುತ್ತದೆ. ಇದು ಕೊಲೆಯಿಂದ ಕೊಲೆಗೆ ಬದಲಾಗಬಹುದು. ಮೊದಲನೆಯದು ಪೆಟ್ಟು, ಎರಡನೆಯದು ಬೆಲ್ಟ್. 'ಸಿಗ್ನೇಚರ್' ಬೇರೆ. ಕೆಲಸಕ್ಕೆ ಬೇಕಿಲ್ಲದಿದ್ದರೂ ಅವನು ಬಿಟ್ಟುಹೋಗುವ ಗುರುತು. ಇಲ್ಲಿ ರೈಲ್ವೆ ಗೈಡ್, ಅಕ್ಷರ ಕ್ರಮ, ಮುಂಚೆ ಬರುವ ಕಾಗದ. ನೋಟ್ಸ್‌ನಲ್ಲಿ ಎಂ.ಓ.ಗೆ ಒಂದು ಗೆರೆ, ಸಿಗ್ನೇಚರ್‌ಗೆ ಎರಡು ಗೆರೆ ಎಳೆಯಿರಿ. ಯಾವುದಾದರೂ ಕೊಲೆಯಲ್ಲಿ ಎರಡು ಗೆರೆಯದು ತಪ್ಪಿದ್ದರೆ ಅಥವಾ ಸ್ವಲ್ಪ ಬೇರೆ ಥರ ಇದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಓದು ಮುಂದುವರಿಸಿ. ಅಲ್ಲೇ ಕೂತು ಯೋಚಿಸಬೇಡಿ.

ಹೆಸರಿನ ಗೊಂದಲಕ್ಕೂ ಇದೇ ಹಾಳೆ ಮದ್ದು. ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬರಿಗೇ ಮೂರು ಹೆಸರು. ಪೊಲೀಸರಿಗೆ ಎಲಿಜಬೆತ್ ಬರ್ನಾರ್ಡ್, ಮನೆಯವರಿಗೆ ಬೆಟ್ಟಿ. ಅವಳಿಗೊಬ್ಬ ಅಕ್ಕ, ಮೇಗನ್. ಹಾಗಾಗಿ 'ಮಿಸ್ ಬರ್ನಾರ್ಡ್' ಅಂದರೆ ಯಾವ ಹುಡುಗಿ ಅಂತ ಸಂದರ್ಭ ನೋಡಬೇಕು. ಹೊಸ ಹೆಸರು ಬಂದಾಗ ಮನೆಹೆಸರು ಮೊದಲು, ಅಡ್ಡಹೆಸರು ಆಮೇಲೆ, ಯಾರಿಗೆ ಏನಾಗಬೇಕು ಅನ್ನೋದು ಕೊನೆಗೆ ಬರೆದರೆ ಸಾಕು. ನಾರ್ವೆ, ಜಪಾನಿನ ಹೆಸರುಗಳನ್ನು ಸರಿಯಾಗಿ ಉಚ್ಚರಿಸಬೇಕು ಅಂತ ಒದ್ದಾಡಬೇಡಿ. ನಿಮಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಿ.

ಎಚ್ಚರಿಕೆ: ನೋಟ್ಸ್ ಒಂದು ಹಾಳೆ ದಾಟಿದರೆ ನೀವು ಓದುತ್ತಿಲ್ಲ, ಚಾರ್ಜ್‌ಶೀಟ್ ತಯಾರಿಸುತ್ತಿದ್ದೀರಿ.

ಹಂತ 5: ಈ ಮಾತು ಹೇಳುತ್ತಿರುವವರು ಯಾರು?

ಎ.ಬಿ.ಸಿ.ಯಲ್ಲಿ ಹೆಚ್ಚಿನ ಅಧ್ಯಾಯಗಳನ್ನು ಹೇಸ್ಟಿಂಗ್ಸ್ 'ನಾನು' ಅಂತ ಹೇಳುತ್ತಾನೆ. ನಡುನಡುವೆ ಕೆಲವು ಅಧ್ಯಾಯದ ತಲೆಯ ಮೇಲೆ, ಇದು ಹೇಸ್ಟಿಂಗ್ಸ್ ಕಣ್ಣಾರೆ ಕಂಡದ್ದಲ್ಲ ಅಂತ ಬರೆದಿರುತ್ತದೆ. ಆ ಅಧ್ಯಾಯಗಳಲ್ಲಿ ಬೇರೊಬ್ಬ ಮನುಷ್ಯ, ಬೇರೊಂದು ಕೋಣೆ. ಅದನ್ನು ಯಾರು ಹೇಳಿದರು, ಹೇಸ್ಟಿಂಗ್ಸ್‌ಗೆ ಹೇಗೆ ಗೊತ್ತಾಯ್ತು? ಮುನ್ನುಡಿಯಲ್ಲಿ ಅವನೇ ಒಂದು ಸಮಜಾಯಿಷಿ ಕೊಟ್ಟಿದ್ದಾನೆ. ಓದುವ ಭರದಲ್ಲಿ ನಾವು ಆ ತಲೆಬರಹವನ್ನೇ ಹಾರಿಸಿಬಿಡುತ್ತೇವೆ.

ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ಪೆನ್ಸಿಲ್‌ನಿಂದ ಒಂದೇ ಅಕ್ಷರ: ಯಾರ ಕಣ್ಣಿಂದ ನೋಡುತ್ತಿದ್ದೇವೆ ಅಂತ. ಲೈಬ್ರರಿ ಪುಸ್ತಕವಾದರೆ ಹಾಳೆಯಲ್ಲೇ ಬರೆಯಿರಿ, ಮುಂದಿನವರಿಗೆ ಉಪದ್ರ ಬೇಡ.

ಹೇಳುವವರೇ ಸುಳ್ಳು ಹೇಳುತ್ತಿದ್ದರೆ, ಅಥವಾ ಅವರಿಗೇ ಪೂರ್ತಿ ಗೊತ್ತಿಲ್ಲದಿದ್ದರೆ, ಅಂಥವರಿಗೆ 'ಅನ್‌ರಿಲಯಬಲ್ ನರೇಟರ್' ಅಂತಾರೆ. ನಂಬಲಾಗದ ನಿರೂಪಕ. ಸುಳ್ಳು ಹೇಳಲೇಬೇಕಂತಿಲ್ಲ, ಒಂದು ವಿಷಯವನ್ನು ಹೇಳದೆ ಬಿಟ್ಟರೂ ಸಾಕು.

ಓರೆ ಅಕ್ಷರದ ಅಧ್ಯಾಯಗಳಲ್ಲಿ ಎರಡು ಕಳ್ಳದಾರಿ ಸಾಮಾನ್ಯ. ಒಂದು, ಕಾಲ. ಅದು ಇವತ್ತಿನ ಕಥೆ ಅಂತ ನಾವು ಅಂದುಕೊಂಡಿರುತ್ತೇವೆ, ನೋಡಿದರೆ ಇಪ್ಪತ್ತು ವರ್ಷ ಹಿಂದಿನದು. ಇನ್ನೊಂದು, ವ್ಯಕ್ತಿ. ಎರಡು ಓರೆ ಅಧ್ಯಾಯ ಒಬ್ಬರದೇ ಅಂತ ಯಾರು ಹೇಳಿದರು? 'ದಿ ಸ್ನೋಮ್ಯಾನ್' 1980ರಲ್ಲಿ ಶುರುವಾಗಿ 2004ಕ್ಕೆ ಹಾರುತ್ತದೆ. ಅಧ್ಯಾಯದ ಮೇಲೆ ತಾರೀಖು ಇರುತ್ತದೆ. ತಾರೀಖು ಓದದೆ ಮುಂದೆ ಹೋದವರೇ ಆಮೇಲೆ 'ಅರ್ಥ ಆಗಲಿಲ್ಲ' ಅನ್ನುವವರು.

ಹಂತ 6: ಪೊಲೀಸ್, ಲ್ಯಾಬ್ ಪದಗಳು

ಎಲ್ಲವನ್ನೂ ಗೂಗಲ್ ಮಾಡುತ್ತಾ ಕೂರಬೇಡಿ. ಇಷ್ಟು ಸಾಕು.

ಬ್ರಿಟಿಷ್ ಪುಸ್ತಕದಲ್ಲಿ ಕಾನ್‌ಸ್ಟೇಬಲ್, ಸಾರ್ಜೆಂಟ್, ಇನ್‌ಸ್ಪೆಕ್ಟರ್, ಚೀಫ್ ಇನ್‌ಸ್ಪೆಕ್ಟರ್, ಸೂಪರಿಂಟೆಂಡೆಂಟ್, ಹೀಗೆ ಮೇಲಕ್ಕೆ ಹೋಗುತ್ತದೆ. ಹುದ್ದೆಯ ಹೆಸರಿಗೆ ಮೊದಲು 'ಡಿಟೆಕ್ಟಿವ್' ಅಂತ ಸೇರಿದರೆ ತನಿಖಾ ವಿಭಾಗದವರು. ಅಲ್ಲಿನ 'ಇನ್‌ಕ್ವೆಸ್ಟ್' ನಮ್ಮ ಪೊಲೀಸರು ಮಾಡುವ ಶವ ಪಂಚನಾಮೆ ಅಲ್ಲ. ಕಾರೋನರ್ ಅನ್ನುವ ಅಧಿಕಾರಿಯ ಮುಂದೆ ಸಾಕ್ಷಿಗಳು ಬಂದು ಹೇಳಿಕೆ ಕೊಡುವ ಬಹಿರಂಗ ವಿಚಾರಣೆ. ಹಳೆಯ ಪುಸ್ತಕಗಳಲ್ಲಿ 'ಏಲಿಯನಿಸ್ಟ್' ಅಂದರೆ ಮನೋವೈದ್ಯ. ಎ.ಬಿ.ಸಿ.ಯಲ್ಲೂ ಒಬ್ಬರು ಬರುತ್ತಾರೆ. ಅಮೆರಿಕದ ಕಥೆಯಲ್ಲಿ ಊರಿನ ಪೊಲೀಸ್ ಬೇರೆ, ಕೌಂಟಿಯ ಶೆರಿಫ್ ಬೇರೆ, ಎಫ್‌ಬಿಐ ಬೇರೆ. ಇವರ ಜಗಳ ಕಥೆಯಲ್ಲಿ ಬಂದೇ ಬರುತ್ತದೆ.

'ರಿಗರ್ ಮಾರ್ಟಿಸ್' ಅಂದರೆ ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು. ಕೆಲವು ಗಂಟೆಗಳಲ್ಲಿ ಶುರುವಾಗಿ, ಸುಮಾರು 12 ಗಂಟೆಗೆ ಪೂರ್ತಿಯಾಗಿ, ಆಮೇಲೆ ಒಂದೆರಡು ದಿನದೊಳಗೆ ಸಡಿಲವಾಗುತ್ತದೆ. ಸೆಕೆಯಲ್ಲಿ ಬೇಗ, ಚಳಿಯಲ್ಲಿ ನಿಧಾನ. ಡಾಕ್ಟರ್ ಪಾತ್ರ ಬಂದು ಸತ್ತ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳಿದರೆ ಲೇಖಕರು ರೈಲು ಬಿಡುತ್ತಿದ್ದಾರೆ ಅಂತ ತಿಳಿಯಿರಿ.

ಪುಸ್ತಕ ಬಂದ ವರ್ಷವನ್ನು ಮರೆಯಬೇಡಿ. ಡಿಎನ್‌ಎ ಬೆರಳಚ್ಚು ವಿಧಾನವನ್ನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಕಂಡುಹಿಡಿದದ್ದು 1984ರಲ್ಲಿ. 1981ರ 'ರೆಡ್ ಡ್ರ್ಯಾಗನ್'ನಲ್ಲಿ ಯಾಕೆ ಡಿಎನ್‌ಎ ಟೆಸ್ಟ್ ಮಾಡಲಿಲ್ಲ ಅಂತ ಕೇಳಿದರೆ ಲೇಖಕರ ತಪ್ಪಲ್ಲ.

'ಪ್ರೊಫೈಲಿಂಗ್' ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಕೃತ್ಯ ನಡೆದ ಜಾಗ ನೋಡಿ ಕೊಲೆಗಾರನ ವಯಸ್ಸು, ಸ್ವಭಾವ, ಕೆಲಸ ಊಹಿಸುವ ವಿದ್ಯೆ ಇದು. 1972ರಲ್ಲಿ ಎಫ್‌ಬಿಐ ಕ್ವಾಂಟಿಕೋದಲ್ಲಿ ಇದಕ್ಕೊಂದು ಘಟಕ ಮಾಡಿತು. ಅಲ್ಲಿನ ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಜೈಲಿಗೆ ಹೋಗಿ ಕೊಲೆಗಾರರನ್ನು ಮಾತಾಡಿಸಿದರು. ಮನೋರೋಗ ಶುಶ್ರೂಷೆಯ ಸಂಶೋಧಕಿ ಆನ್ ಬರ್ಜೆಸ್ ಜೊತೆ ಸೇರಿ 36 ಅಪರಾಧಿಗಳ ಮೇಲೆ ಅಧ್ಯಯನ ಮಾಡಿದರು. ಕಾದಂಬರಿಯಲ್ಲಿ ಈ ವಿದ್ಯೆ ಮಂತ್ರದಂಡದಂತೆ ಕೆಲಸ ಮಾಡುತ್ತದೆ. ಹೊರಗಿನ ಲೋಕದಲ್ಲಿ ಹಾಗಲ್ಲ. ನ್ಯೂಯಾರ್ಕ್‌ನ 'ಸನ್ ಆಫ್ ಸ್ಯಾಮ್' ಕೊಲೆಗಾರ 1977ರಲ್ಲಿ ಸಿಕ್ಕಿಬಿದ್ದದ್ದು ಪಾರ್ಕಿಂಗ್ ದಂಡದ ಚೀಟಿಯ ಜಾಡಿನಿಂದ. ಇಂಗ್ಲೆಂಡಿನ ಯಾರ್ಕ್‌ಶೈರ್ ರಿಪ್ಪರ್ 1981ರಲ್ಲಿ ಸಿಕ್ಕಿದ್ದು ಕಾರಿಗೆ ಸುಳ್ಳು ನಂಬರ್ ಪ್ಲೇಟ್ ಹಾಕಿದ್ದಕ್ಕೆ. ಅದಕ್ಕೂ ಮೊದಲು ಪೊಲೀಸರು ಅವನನ್ನು ಹಲವು ಸಲ ಮಾತಾಡಿಸಿ ಬಿಟ್ಟಿದ್ದರು. ತಾನೇ ಕೊಲೆಗಾರ ಅಂತ ಯಾರೋ ಕಿಡಿಗೇಡಿ ಕಳಿಸಿದ ಕಾಗದ ಮತ್ತು ಟೇಪ್ ನಂಬಿ ಬೇರೆ ಊರಿನ ಮಾತಿನ ಧಾಟಿಯವನನ್ನು ಹುಡುಕುತ್ತಿದ್ದರು. ಆ ಕಿಡಿಗೇಡಿಗೆ ಶಿಕ್ಷೆಯಾದದ್ದು 2006ರಲ್ಲಿ.

'ಲಿಂಕೇಜ್ ಬ್ಲೈಂಡ್‌ನೆಸ್' ಅನ್ನುವ ಪದ ಕಂಡರೆ, ಬೇರೆ ಬೇರೆ ಠಾಣೆಯಲ್ಲಿರುವ ಪ್ರಕರಣಗಳು ಒಬ್ಬನದೇ ಕೆಲಸ ಅಂತ ಯಾರಿಗೂ ಹೊಳೆಯದೆ ಇರುವುದು. ಇದಕ್ಕೆ ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡದ 'ಸೈನೈಡ್ ಮೋಹನ್' ಪ್ರಕರಣದಲ್ಲಿ ಹೆಣ್ಣುಮಕ್ಕಳ ಶವಗಳು ಬೇರೆ ಬೇರೆ ಊರಿನ ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ ಸಿಕ್ಕಿದ್ದವು. ಒಂದೊಂದು ಕಡೆ ಒಂದೊಂದು ಯು.ಡಿ.ಆರ್., ಅಂದರೆ ಅಸಹಜ ಸಾವಿನ ವರದಿ. 2009ರಲ್ಲಿ ಅವನು ಸಿಕ್ಕುವವರೆಗೂ ಅವು ಒಂದು ಸರಣಿ ಅಂತ ತಿಳಿದಿರಲಿಲ್ಲ. ಕಾದಂಬರಿಯ ಮೊದಲ ಭಾಗದಲ್ಲಿ ಪೊಲೀಸರು ದಡ್ಡರ ಹಾಗೆ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಹಂತ 7: ನಡುಭಾಗದ ಸುಸ್ತು ದಾಟಿ

ಹೆಚ್ಚಿನವರು ಪುಸ್ತಕ ಬಿಡುವುದು ಅರ್ಧದ ಆಸುಪಾಸಿನಲ್ಲಿ. ಎರಡೋ ಮೂರೋ ಕೊಲೆ ಆಗಿರುತ್ತವೆ, ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ, ಹೊಸ ಸಾಕ್ಷಿಗಳ ಹೇಳಿಕೆ ಬೋರ್ ಹೊಡೆಸುತ್ತದೆ. ಹಾರಿಸಬೇಡಿ! ಒಳ್ಳೆ ಲೇಖಕರು ಸುಳಿವನ್ನು ಬಚ್ಚಿಡೋದು ಇಂಥ ಕಡೆಯೇ. ರೋಚಕ ದೃಶ್ಯದಲ್ಲಿ ಎಲ್ಲರೂ ಕಣ್ಣರಳಿಸಿ ಓದುತ್ತಾರೆ, ಅಲ್ಲಿ ಬಚ್ಚಿಡೋದು ಕಷ್ಟ. ಬೇಸರ ಅನಿಸಿದಾಗ ಹಾಳೆ ತೆಗೆದು ಪೂರ್ತಿ ಒಂದು ಸಲ ಓದಿ, ಮ್ಯಾಪ್‌ನಲ್ಲಿ ಊರುಗಳನ್ನು ನೋಡಿ, ಮತ್ತೆ ಮುಂದುವರಿಸಿ.

ಹಂತ 8: ಊಹೆ ಮಾಡಿ, ಬರೆದಿಡಿ

ಮುಕ್ಕಾಲು ಪುಸ್ತಕ ಆದಾಗ ನಿಲ್ಲಿಸಿ. ಹಾಳೆಯ ಹಿಂದೆ ಒಂದು ಹೆಸರು, ಒಂದು ಕಾರಣ ಬರೆಯಿರಿ. ಕಾರಣ ಮುಖ್ಯ. 'ನೋಡಿದರೆ ಹಾಗನಿಸುತ್ತೆ' ಅನ್ನೋದು ಕಾರಣ ಅಲ್ಲ. ಹಾಳೆಯಲ್ಲಿರುವ ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳಿಗೂ ನಿಮ್ಮ ಊಹೆಯಿಂದ ಉತ್ತರ ಸಿಗಬೇಕು. ಎ.ಬಿ.ಸಿ.ಯಲ್ಲಿ ಒಂದು ಪ್ರಶ್ನೆಯನ್ನು ಪುಸ್ತಕವೇ ಎತ್ತುತ್ತದೆ: ಕಾಗದಗಳು ಪೊಲೀಸರಿಗೆ ಬರದೆ ಪೊಯ್ರೋಗೆ ಯಾಕೆ ಬಂದವು? ನಿಮ್ಮ ಊಹೆ ಇದಕ್ಕೆ ಉತ್ತರ ಕೊಡುತ್ತಾ?

'ರೆಡ್ ಹೆರಿಂಗ್' ಅಂದರೆ ಓದುಗರ ದಿಕ್ಕು ತಪ್ಪಿಸಲು ಇಟ್ಟ ಸುಳ್ಳು ಸುಳಿವು. ಅದನ್ನು ಹಿಡಿಯೋಕೆ ಅಡ್ಡದಾರಿ ಏನೂ ಇಲ್ಲ. ಆದರೂ ಒಂದು ಮಾತು: ಮೊದಲ ಸಲ ಕಂಡಾಗಲೇ ಕೊಲೆಗಾರನ ಹಾಗೆ ಕಾಣುವವನು ಸಾಮಾನ್ಯವಾಗಿ ಅಲ್ಲ. 'ಹಾಗಾದರೆ ಯಾರ ಮೇಲೂ ಅನುಮಾನ ಬರದವನೇ ಕೊಲೆಗಾರ' ಅನ್ನೋದೂ ಅಷ್ಟೇ ಹಳೇ ಲೆಕ್ಕ. ಲೇಖಕರಿಗೂ ಅದು ಗೊತ್ತು.

ಹಂತ 9: ರಾತ್ರಿ ಓದುವವರಿಗೆ

ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ. ಅಧ್ಯಾಯ ಮುಗಿಯುವುದೇ ಬಾಗಿಲು ಬಡಿದ ಸದ್ದಿನಲ್ಲಿ. ಅಲ್ಲಿ ಮುಚ್ಚಿದರೆ ನಿದ್ದೆ ಬರಲ್ಲ, ಮುಚ್ಚದಿದ್ದರೆ ಬೆಳಗಾಗುತ್ತದೆ. ಮುಂದಿನ ಅಧ್ಯಾಯದ ಎರಡು ಮೂರು ಪುಟ ಓದಿ, ಬಿಸಿ ಆರಿದ ಮೇಲೆ ಮುಚ್ಚಿ. ಮಲಗುವ ಮುಂಚೆ ಬೇರೆ ಏನಾದರೂ ಹತ್ತು ನಿಮಿಷ ಓದಿ ಅಥವಾ ಕೇಳಿ. ಕೊನೆಯ ಅರವತ್ತು ಎಪ್ಪತ್ತು ಪುಟವನ್ನು ಮಾತ್ರ ರಜೆಯ ದಿನ ಹಗಲಲ್ಲಿ ಒಂದೇ ಕೂರಿಗೆ ಓದೋದು ಒಳ್ಳೇದು.

ನಿಜವಾಗಲೂ ಹಿಂಸೆಯಾದರೆ ಬಿಟ್ಟುಬಿಡಿ. ಯಾರೂ ಪರೀಕ್ಷೆ ಇಟ್ಟಿಲ್ಲ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಎ.ಬಿ.ಸಿ. ಕೊಡಬಹುದು, ಹ್ಯಾರಿಸ್ ಮತ್ತು ನೆಸ್ಬೋ ಮೇಲಿನ ಕಪಾಟಿನಲ್ಲಿರಲಿ.

ಹಂತ 10: ಮುಗಿದ ಮೇಲೆ

ಕೂಡಲೇ ಮೊದಲ ಎರಡು ಅಧ್ಯಾಯ ಮತ್ತೆ ಓದಿ. ಅರ್ಧ ಗಂಟೆ ಸಾಕು. ಎಲ್ಲವೂ ನಿಮ್ಮ ಕಣ್ಣೆದುರೇ ಇತ್ತಾ, ಅಥವಾ ಲೇಖಕರು ಕೊನೆಯಲ್ಲಿ ಜೇಬಿನಿಂದ ಹೊಸದೇನಾದರೂ ತೆಗೆದರಾ ಅಂತ ಆಗ ಗೊತ್ತಾಗುತ್ತದೆ. ಸುಳಿವು ಇದ್ದೂ ನೀವು ಸೋತಿದ್ದರೆ ಆ ಲೇಖಕರ ಇನ್ನೊಂದು ಪುಸ್ತಕ ತನ್ನಿ. ಸುಳಿವೇ ಕೊಡದೆ ಸೋಲಿಸಿದ್ದರೆ ತರಬೇಡಿ.

ಸ್ನೇಹಿತರಿಗೆ ಪುಸ್ತಕ ಕೊಡುವಾಗ ನೋಟ್ಸ್ ಹಾಳೆಯನ್ನು ಒಳಗಿಂದ ತೆಗೆದಿಟ್ಟುಕೊಳ್ಳಿ, ಅದರ ಹಿಂದೆ ನಿಮ್ಮ ಊಹೆಯ ಹೆಸರಿದೆ.